ಇತಾಯ್ ಅಂದರೆ ನೋವು

ಚಾಕಣದ ನಮ್ಮ ಕಾರ್ಖಾನೆಗೆ ಹೊಸ ಯಂತ್ರ ಬಂದಾಗ, ಅದನ್ನು ಕೂಡಿಸಿ ನಡೆಸಿ ತೋರಿಸಲು ಜಪಾನಿನಿಂದ ಒಬ್ಬ ಹಿರಿಯ ಎಂಜಿನಿಯರ್ ಬಂದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮಲ್ಲಿ ಯಾರಿಗೂ ಜಪಾನಿ ಇಲ್ಲ. ಯಾರಾದರೂ ಒಬ್ಬರು ಕಲಿಯಲೇಬೇಕು ಎಂದಾಯಿತು. ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವ ವಿಭಾಗದಲ್ಲಿ ನಾನು ಹಳಬಳು. ಮ್ಯಾನೇಜರ್ ನನ್ನನ್ನು ಕರೆದು ಮರಾಠಿಯಲ್ಲಿ ಹೇಳಿದರು: "ಮೇಡಂ, ನಿಮಗೆ ಕನ್ನಡ ಬರುತ್ತೆ, ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲಾ ಬರುತ್ತೆ. ಇನ್ನೊಂದು ಸೇರಿದರೆ ಏನಾಯಿತು?"

ಹೀಗೆ ಐವತ್ತರ ಹೊಸ್ತಿಲಲ್ಲಿ ನಾನು ಮತ್ತೆ ಅಕ್ಷರ ತಿದ್ದತೊಡಗಿದೆ. ಕಂಪನಿ ಬಸ್ಸಿನಿಂದ ಇಳಿದು, ಇನ್ನೊಂದು ಬಸ್ಸು ಹಿಡಿದು, ನಗರದೊಳಗಿನ ಡೆಕ್ಕನ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿ ಹತ್ತಬೇಕು. ಲಿಫ್ಟ್ ಇಲ್ಲ. ಕ್ಲಾಸಿನಲ್ಲಿ ಇದ್ದವರೆಲ್ಲ ಜಪಾನಿಗೆ ಹಾರಲು ತಯಾರಾದ ಹುಡುಗ ಹುಡುಗಿಯರು. ನನಗೋ ಎಲ್ಲಿಗಾದರೂ ಹಾರುವುದಕ್ಕಿಂತ ಎಲ್ಲಾದರೂ ಕೂತರೆ ಸಾಕಾಗಿತ್ತು. ಧಾರವಾಡ ಬಿಟ್ಟು ಇಲ್ಲಿ ಬಂದು ನಿಂತ ಮೇಲೆ ದಣಿವು ಹೊಸದೇನಲ್ಲ. ಆದರೆ ಆ ವರ್ಷದ ದಣಿವು ಎಲುಬಿನಲ್ಲಿ ಇಳಿದಿತ್ತು. ಯಜಮಾನರು ಬಾಗಿಲು ತೆಗೆದವರೇ, "ಇಷ್ಟು ದಣದು ಬಂದು ಮತ್ತ ಅದೇನ್ ಕ್ಲಾಸ್? ಬ್ಯಾಡ ಅಂತ ಹೇಳಬಾರದೇನು?" ಅನ್ನುತ್ತಿದ್ದರು. ನಾನು ನೇರ ಅಡುಗೆಮನೆಗೆ ಹೋಗಿ ಕುಕ್ಕರ್ ಇಡುತ್ತಿದ್ದೆ.

ಕಲಿಸುತ್ತಿದ್ದವರು ನಿವೃತ್ತರಾದ ಒಬ್ಬ ಮರಾಠಿ ಶಿಕ್ಷಕಿ; ಎಲ್ಲರೂ ಅವರನ್ನು 'ಬಾಯಿ' ಅನ್ನುತ್ತಿದ್ದರು. ಒಂದು ಸಂಜೆ ಅವರು 'ಇತಾಯ್' ಎಂಬ ಪದ ತಂದರು. ನೋಯುತ್ತಿದೆ ಎಂಬ ಅರ್ಥ. ಒಬ್ಬೊಬ್ಬರೂ ಮೈಯ ಒಂದೊಂದು ಭಾಗ ಹೇಳಿ ವಾಕ್ಯ ಮಾಡಬೇಕು. ತಲೆ, ಹಲ್ಲು, ಹೊಟ್ಟೆ ಎಲ್ಲಾ ಆಗಿ ನನ್ನ ಸರದಿ ಬಂತು. "ಆಶಿ ಗಾ ಇತಾಯ್ ದೆಸ್," ಅಂದೆ. ಕಾಲು ನೋಯುತ್ತಿದೆ.

"ನೋಡಿ, ಇವರು ಎಷ್ಟು ಸಹಜವಾಗಿ ಹೇಳಿದರು!" ಎಂದರು ಬಾಯಿ. ಎಲ್ಲರೂ ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ನಾನು ಮೇಜಿನ ಕೆಳಗೆ ಚಪ್ಪಲಿ ಕಳಚಿದೆ.

ಆಮೇಲೆ ಆ ಪದದ ರೂಪಗಳು ಬಂದವು. ಇತಾಯ್, ನೋಯುತ್ತಿದೆ. ಇತಾಕುನಾಯ್, ನೋವಿಲ್ಲ. ಇತಾಕತ್ತಾ, ನೋಯುತ್ತಿತ್ತು. ನಮ್ಮಲ್ಲಿ ಕೆಂಪು ಹೂವು ನಿನ್ನೆಯೂ ಕೆಂಪು, ಇವತ್ತೂ ಕೆಂಪು. ಅವರಲ್ಲಿ ಗುಣವಾಚಕವೇ ಕ್ರಿಯಾಪದದ ಹಾಗೆ ಕಾಲಕ್ಕೆ ತಕ್ಕಂತೆ ಬಾಲ ಬದಲಿಸುತ್ತದೆ. ಬಾಯಿ ಇನ್ನೊಂದು ಮಾತು ಹೇಳಿದರು: "ಇನ್ನೊಬ್ಬರ ನೋವಿಗೆ ನೇರವಾಗಿ ಇತಾಯ್ ಅನ್ನಬಾರದು. ಅವರ ಮೈಯೊಳಗೆ ಹೊಕ್ಕು ನೋಡಿದ್ದೀರೇನು? ಇತಾಸೋ ಅನ್ನಿ. ನೋಯುತ್ತಿರುವ ಹಾಗೆ ಕಾಣುತ್ತದೆ ಅಂತ." ನಾನು ಆಕಳಿಕೆ ತಡೆಯುತ್ತ ತಲೆಯಾಡಿಸಿದೆ.

ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಎಂಜಿನಿಯರ್ ಊಟಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಯಂತ್ರದ ಹತ್ತಿರ ಸೊಂಟ ಹಿಡಿದು ನಿಂತಿದ್ದರು. ಕೂಡುವರು, ಏಳುವರು, ನಾಲ್ಕು ಹೆಜ್ಜೆ ನಡೆಯುವರು. ಮುಖವೆಲ್ಲ ಬೆವರು.

"ಇತಾಯ್ ದೆಸ್ ಕಾ?" ಎಂದು ಕೇಳಿದೆ. ನೋಯುತ್ತಿದೆಯೇ?

"ದಾಯ್‌ಜೋಬು," ಎಂದರು. ಏನೂ ತೊಂದರೆಯಿಲ್ಲ. ಹಾಗೆಂದವರೇ ಕೈ ತೊಳೆಯುವ ಕಡೆ ಓಡಿ ವಾಂತಿ ಮಾಡಿಕೊಂಡರು.

ಮ್ಯಾನೇಜರ್ ಕಾರು ಕೊಟ್ಟರು. ಜೊತೆಗೆ ನಾನು. ರಸ್ತೆಯ ಒಂದೊಂದು ಗುಂಡಿಗೂ ಎಂಜಿನಿಯರ್ ಕಣ್ಣು ಮುಚ್ಚುತ್ತಿದ್ದರು, ಕಣ್ಣು ತೆರೆದಾಗ ನನಗೆ ತೊಂದರೆ ಕೊಟ್ಟದ್ದಕ್ಕೆ ತಲೆ ಬಾಗಿಸಿ ಕ್ಷಮೆ ಕೇಳುತ್ತಿದ್ದರು.

ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೋ ಟೆಂಪೊ ಮಗುಚಿ ಗಾಯಗೊಂಡವರನ್ನು ಆಗತಾನೇ ತಂದಿದ್ದರು. ಎಳೆಯ ಡಾಕ್ಟರೊಬ್ಬ ನಿಂತಲ್ಲೇ ಕೇಳಿದ, "ಕಿತೀ ದುಖತಂಯ?" ಎಷ್ಟು ನೋವಿದೆ?

ನಾನು ಜಪಾನಿಯಲ್ಲಿ ಕೇಳಿದೆ. ಎಂಜಿನಿಯರ್ ಹೆಬ್ಬೆರಳು ತೋರುಬೆರಳುಗಳ ನಡುವೆ ಎಳ್ಳಿನಷ್ಟು ಜಾಗ ಬಿಟ್ಟು ತೋರಿಸಿ, "ಚೊತ್ತೊ ಇತಾಯ್ ದೆಸ್," ಎಂದರು.

"ಸ್ವಲ್ಪ ನೋವಿದೆಯಂತೆ," ಎಂದು ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದೆ.

"ಅಸಿಡಿಟಿ ಇರಬೇಕು. ಹೊರಗೆ ಕೂತಿರಿ, ನೋಡೋಣ," ಎಂದು ಆತ ಹೊರಟೇಬಿಟ್ಟ.

ಸದ್ಯ, ಮನೆಗೆ ಬೇಗ ಹೋಗಬಹುದು ಅನ್ನಿಸಿತು ನನಗೆ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಎಂಜಿನಿಯರ್ ಕೂಡಲಿಲ್ಲ. ಅಂಗಿಯ ತುದಿ ಹೊರಗೆ ಬಂದರೂ ನಾಚುತ್ತಿದ್ದ ಮನುಷ್ಯ ಎಲ್ಲರೆದುರು ನೆಲಕ್ಕೆ ಮೊಣಕಾಲೂರಿ, ಬೆಂಚಿಗೆ ಹಣೆ ಒತ್ತಿಕೊಂಡರು. ನನಗೆ ನಮ್ಮವ್ವ ನೆನಪಾದಳು. ಪಿತ್ತಕೋಶದಲ್ಲಿ ಕಲ್ಲು ಇಟ್ಟುಕೊಂಡು "ಸ್ವಲ್ಪ ಬ್ಯಾನಿ ಅದ, ಅಷ್ಟ," ಅನ್ನುತ್ತಲೇ ರೊಟ್ಟಿ ಬಡಿದು, ಕಡೆಗೆ ಒಲೆಯ ಪಕ್ಕ ಬಿದ್ದವಳು ಅವಳು. ಅವಳ ಬಾಯಿಂದ 'ಭಾಳ' ಅನ್ನುವ ಮಾತು ನಾನು ಕೇಳಿದ್ದೇ ಇಲ್ಲ.

ಎದ್ದು ಒಳಗೆ ಹೋದೆ.

"ಡಾಕ್ಟರ್, ಅವರು ಹೇಳಿದ್ದನ್ನು ನಾನು ಹೇಳಿದೆ. ಈಗ ನನಗೆ ಕಂಡದ್ದನ್ನು ಹೇಳುತ್ತೇನೆ. ಅವರಿಗೆ ಕೂಡಲಿಕ್ಕೆ ಆಗುತ್ತಿಲ್ಲ, ನಿಲ್ಲಲಿಕ್ಕೂ ಆಗುತ್ತಿಲ್ಲ. ವಾಂತಿ ಆಗಿದೆ. ಕೈ ಬೆನ್ನಿನಿಂದ ಕೆಳಹೊಟ್ಟೆಗೆ ಹೋಗುತ್ತದೆ. ಅವರ 'ಸ್ವಲ್ಪ' ನಿಮ್ಮ 'ಸ್ವಲ್ಪ' ಅಲ್ಲ."

ಆತನಿಗೆ ಸಿಟ್ಟು ಬಂತು. ಆದರೂ ಬಂದ. ಎಂಜಿನಿಯರನ್ನು ಮಂಚದ ಮೇಲೆ ಮಲಗಿಸಿ ಪಕ್ಕೆಯ ಹಿಂಭಾಗಕ್ಕೆ ಮುಷ್ಟಿಯಿಂದ ಮೆಲ್ಲಗೆ ತಟ್ಟಿದ.

"ಇತಾಯ್!"

ಇಡೀ ವಾರ್ಡು ತಿರುಗಿ ನೋಡಿತು. ಹಿಂದೆ 'ದೆಸ್' ಎಂಬ ಮರ್ಯಾದೆಯ ಮಾತು ಇರಲಿಲ್ಲ. ಡಾಕ್ಟರ್ ನನ್ನ ಕಡೆ ನೋಡಲೂ ಇಲ್ಲ, ನರ್ಸಿಗೆ ಇಂಜೆಕ್ಷನ್ ಹೇಳಿದ.

ಸ್ಕ್ಯಾನಿನಲ್ಲಿ ಕಿಡ್ನಿಯ ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿದ್ದು ಕಂಡಿತು. ಮೂತ್ರ ಹಿಂದೆ ಕಟ್ಟಿ ಜ್ವರವೂ ಶುರುವಾಗಿತ್ತು. ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದು ದೊಡ್ಡ ಡಾಕ್ಟರ್ ಹೇಳಿದರು. ಆ ಸಂಜೆಯೇ ಮೂತ್ರ ಹರಿಯಲು ಒಳಗೆ ನಳಿಕೆ ಇಟ್ಟರು.

ಮರುದಿನ ಕಂಪನಿಯವರು ಜಪಾನಿನಲ್ಲಿದ್ದ ಅವರ ಹೆಂಡತಿಗೆ ವಿಡಿಯೊ ಕರೆ ಹಚ್ಚಿ ಫೋನು ನನ್ನ ಕೈಗಿಟ್ಟರು. ಆಕೆ ಕಣ್ಣು ಒರೆಸಿಕೊಳ್ಳುತ್ತ ಏನೇನೋ ಕೇಳುತ್ತಿದ್ದರು. ಅವರಿಗೆ ಈಗ ನೋವಿಲ್ಲ ಎಂದು ನಾನು ಯಾವ ರೂಪದಲ್ಲಿ ಹೇಳಬೇಕು? ಇತಾಸೋದ ಇಲ್ಲ ಎನ್ನುವ ರೂಪ ಏನು? ಫೋನನ್ನು ಮಂಚದ ಕಡೆ ತಿರುಗಿಸಿಬಿಟ್ಟೆ.

ಎಂಜಿನಿಯರ್ ಹೆಂಡತಿಯನ್ನು ನೋಡಿದರು. ಆಮೇಲೆ ಮೆಲ್ಲಗೆ, "ಇತಾಕತ್ತಾ," ಎಂದರು. ನೋಯುತ್ತಿತ್ತು. ಆ ಕಡೆ ಆಕೆ ಬಾಯಿಗೆ ಸೆರಗಿನ ಹಾಗೆ ಕೈ ಒತ್ತಿಕೊಂಡು ಅತ್ತರು, ನಕ್ಕರು. ಗಂಡನ ಬಾಯಲ್ಲಿ ಆ ಪದ ಆಕೆಯೂ ಹೆಚ್ಚು ಕೇಳಿರಲಿಲ್ಲವೇನೋ. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ.

ಅವರು ಗುಣವಾಗಿ, ಕೆಲಸ ಮುಗಿಸಿ ಊರಿಗೆ ಹೋದರು. ನನ್ನ ಪರೀಕ್ಷೆಯೂ ಬಂತು. ಧ್ವನಿ ಕೇಳಿಸಿಕೊಂಡು ಉತ್ತರ ಬರೆಯುವ ಭಾಗದಲ್ಲಿ ದೀಪ ಮಂದ, ಫ್ಯಾನು ತಣ್ಣಗೆ, ರೆಕಾರ್ಡಿನಲ್ಲಿ ಮಾತಾಡುವ ಹೆಂಗಸಿನ ದನಿ ಜೋಗುಳದಂತೆ. ತೂಕಡಿಸಿಬಿಟ್ಟೆ. ನಪಾಸಾದೆ. ಮತ್ತೆ ಪರೀಕ್ಷೆಗೆ ಕೂಡುತ್ತೀರಾ ಎಂದು ಮ್ಯಾನೇಜರ್ ಕೇಳಿದಾಗ, "ಇಲ್ಲ ಸರ್, ದಣಿದಿದ್ದೇನೆ," ಎಂದೆ. ಅವರು ಆಯಿತು ಎಂದರು.

ಈಗ ಬಂದಿರುವ ಎಂಜಿನಿಯರ್ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಮಾತಾಡುತ್ತಾರೆ, ಅದು ಇಂಗ್ಲಿಷಿನಲ್ಲಿ ಹೇಳುತ್ತದೆ. ಕೆಲಸ ನಡೆಯುತ್ತಿದೆ. ನನ್ನನ್ನು ಯಾರೂ ಕರೆಯುವುದಿಲ್ಲ. ಆದರೂ ಅವರು ಊಟಕ್ಕೆ ತಡ ಮಾಡಿದರೆ ಒಮ್ಮೆ ಆ ಕಡೆ ಹೋಗಿ ಮುಖ ನೋಡಿಕೊಂಡು ಬರುತ್ತೇನೆ.