ಹಿತ್ತಲ ಬಾನಿಯ ಕುರುಡು ಮೀನು

ಆ ಮೀನಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪಾಪದ ಪ್ರಾಣಿ, ಅದಕ್ಕೇನು ಗೊತ್ತು ಅನ್ನಿ. ಸಿಟ್ಟು ಮಾತ್ರ ಹೋಗಿಲ್ಲ.

ಅರವತ್ತರ ದಶಕ. ನನ್ನ ಗಂಡನ ಮನೆ ನಿಟ್ಟೂರಿನ ಹತ್ತಿರ. ಗುಡ್ಡದ ನೀರು ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಹರಿದು ಬಂದು ಹಿತ್ತಲ ಕಲ್ಲುಬಾನಿಗೆ ಬೀಳುತ್ತಿತ್ತು. ನೀರಲ್ಲಿ ಹುಳ ಆಗಬಾರದೆಂದು ಬಾನಿಗೊಂದು ಮೀನು ಬಿಡುತ್ತಿದ್ದರು. ಅದನ್ನು ಯಾರೂ ಸಾರಿಗೆ ಹಾಕುತ್ತಿರಲಿಲ್ಲ. ನಮ್ಮ ಬಾನಿಯ ಮೀನು ಮುದಿಯಾಗಿ ಎರಡೂ ಕಣ್ಣು ಬೆಳ್ಳಗಾಗಿದ್ದವು. ಆದರೂ ಬೆಳಿಗ್ಗೆ ಅತ್ತೆ ಮೇಲಿನ ಹಲಗೆ ಸರಿಸಿದರೆ ಸಾಕು, ತಳದಿಂದೆದ್ದು ಸುತ್ತು ಹಾಕುತ್ತಿತ್ತು. ಮುಚ್ಚಿದರೆ ಮತ್ತೆ ತಳಕ್ಕೆ.

ಅತ್ತೆಯ ಕಣ್ಣಿಗೂ ಪೊರೆ ಬಂದಿತ್ತು. ನಾನು ಚೊಚ್ಚಲ ಬಸುರಿ. ಮೊಮ್ಮಗುವಿನ ಮುಖ ನೋಡಬೇಕೆಂಬುದೊಂದೇ ಅವರ ಆಸೆ. ಆದರೆ ಸಾಗರಕ್ಕೆ ಹೋಗಿ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದೆಂದರೆ ಜೀವಭಯ. ನಮ್ಮ ಮನೆಯವರು ಬಸ್ಸಿಗೆ ಹೊರಡಿಸಿದಾಗಲೆಲ್ಲ ಅತ್ತೆ ಮೀನಿನ ಸಾಕ್ಷಿ ಹೇಳುತ್ತಿದ್ದರು.

"ಕಣ್ಣು ಬೆಳ್ಳಗಾದ ಮೀನಿಗೇ ಬೆಳಕು ಕಾಣ್ತದೆ. ನಂಗೂ ಬೆಳಕು ಗೊತ್ತಾಗ್ತದೆ. ಅಂದ್ಮೇಲೆ ಕಣ್ಣು ಎಲ್ಲೋಯ್ತು? ಪೊರೆ ತಾನಾಗೇ ಹರೀತದೆ, ಸುಮ್ನಿರಿ."

ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅವರ ಎದುರಲ್ಲೇ ಎರೆಹುಳವೊಂದನ್ನು ನೀರಿಗೆ ತಾಗದ ಹಾಗೆ ಮೀನಿನ ಮೂತಿಯ ಮೇಲೆ ಆಡಿಸಿದೆ. ಮೊದಲಾಗಿದ್ದರೆ ನೆಗೆದು ಕಸಿಯುತ್ತಿದ್ದ ಮೀನು ಅದರಡಿಯಲ್ಲೇ ಹಾದುಹೋಯಿತು.

"ಅತ್ತೆ, ಇದಕ್ಕೆ ಕಾಣ್ತಿಲ್ಲ. ಹುಳ ಎದುರಿಗೇ ಇದ್ರೂ ಗೊತ್ತಾಗ್ತಿಲ್ಲ."

"ಹೊಟ್ಟೆ ತುಂಬಿರ್ಬೇಕು ಮಾರಾಯ್ತಿ. ನೀನು ತಿಂಡಿ ತಿಂದ್ಯಾ, ಅದನ್ನ ಹೇಳು ಮೊದ್ಲು," ಎಂದು ನಕ್ಕುಬಿಟ್ಟರು. ಇವರೂ ನಕ್ಕರು.

ಎಷ್ಟೋ ವರ್ಷಗಳ ಮೇಲೆ ಪತ್ರಿಕೆಯಲ್ಲಿ ಓದಿದೆ. ಮೀನುಗಳ ಮಿದುಳಿನೊಳಗೇ ಬೆಳಕನ್ನು ಅರಿಯುವ ಜಾಗಗಳಿವೆಯಂತೆ. ಕಣ್ಣು ಪೂರ್ತಿ ಹೋದರೂ ತಲೆಬುರುಡೆ ದಾಟಿ ಬಂದ ಬೆಳಕಿಗೆ ಅವು ಎಚ್ಚತ್ತು ಈಜಾಡುತ್ತವಂತೆ. ಹಾಗಾದರೆ ನಮ್ಮ ಮೀನು ಏನನ್ನೂ ನೋಡುತ್ತಿರಲಿಲ್ಲ. ಬೆಳಕಾಯಿತೆಂದು ಅದರ ತಲೆಗೆ ತಿಳಿಯುತ್ತಿತ್ತು, ಅಷ್ಟೇ. ಅಯ್ಯೋ, ಈ ಒಂದು ಮಾತನ್ನು ಆಗ ಯಾರಾದರೂ ನಮಗೆ ಹೇಳಿದ್ದರೆ!

ಮಳೆಗಾಲ ಮುಗಿಯುವಷ್ಟರಲ್ಲಿ ಅತ್ತೆಯ ಕಣ್ಣು ಕೆಂಪಾಗಿ, ತಲೆ ಸಿಡಿಯತೊಡಗಿತು. ಆಗ ಬಸ್ಸು ಹತ್ತಿದರು. ಸಾಗರದ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. "ಪೊರೆ ತೀರಾ ಬಲಿತು ಒಳಗೇ ಕೆಟ್ಟಿದೆ. ಬೇಸಿಗೆಯಲ್ಲೇ ಬಂದಿದ್ರೆ ಉಳಿಸಬಹುದಿತ್ತು," ಎಂದರು.

ಬಾಣಂತನ ಮುಗಿಸಿ ತವರಿನಿಂದ ಬಂದ ಮರುದಿನ ಬೆಳಿಗ್ಗೆ, ಬಾನಿ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಅತ್ತೆಯ ಮಡಿಲಿಗೆ ಮಗಳನ್ನು ಇಟ್ಟೆ. ಹಣೆ, ಮೂಗು, ತುಟಿ ಎಲ್ಲ ಬೆರಳಲ್ಲಿ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಇನ್ನೂ ಬೆಳಕಾಗ್ಲಿಲ್ವನೇ? ಆಗ್ಲಿ, ಮುಖ ನೋಡ್ತೀನಿ."

ನಾನು ಆಗಲೇ ಬಾನಿಯ ಹಲಗೆ ಸರಿಸಿದ್ದೆ. ಬಿಸಿಲು ಬಿದ್ದ ನೀರಲ್ಲಿ ಮೀನು ಸುತ್ತು ಹಾಕುತ್ತಿತ್ತು.