ಕೇಳದೆ ಇಟ್ಟ ಆಣೆ

ಹೆಚ್ಚು ಮಾತಾಡುವ ವ್ಯಾಪಾರಿಗಳನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಅಜ್ಜಂಪುರದ ಸಂತೆ ಮೈದಾನದ ಎದುರಿಗೇ ನನ್ನ ದೋಸೆ ಹೋಟೆಲು. ಕಲ್ಲಂಗಡಿ ಮಾರುವವನಿಂದ ಹಿಡಿದು ಇಲಿ ಪಾಷಾಣ ಮಾರುವವನವರೆಗೆ ಎಲ್ಲರ ಕೂಗೂ ನನ್ನ ಕಿವಿಗೆ ಬೀಳುತ್ತದೆ. ಯಾರ ಕೂಗು ಜೋರೋ ಅವರ ತಕ್ಕಡಿಯನ್ನು ನಾನು ಇನ್ನೊಂದು ಸಲ ನೋಡುತ್ತೇನೆ. ಹುಚ್ಚಮ್ಮನ ಬೆಣ್ಣೆಯನ್ನು ಇಷ್ಟು ವರ್ಷ ಕಣ್ಣುಮುಚ್ಚಿಕೊಂಡು ತೆಗೆದುಕೊಂಡದ್ದೂ ಅದಕ್ಕೇ. ಆಕೆ ಬಾಯಿಯೇ ಬಿಡುತ್ತಿರಲಿಲ್ಲ.

ಹುಚ್ಚಮ್ಮ ಅಂತರಘಟ್ಟೆ ಕಡೆಯವಳು. ಗಂಡ ಬೆನಕಪ್ಪ ತೆಂಗಿನ ತೋಟ ನೋಡಿಕೊಂಡರೆ ಈಕೆ ಎಮ್ಮೆಗಳನ್ನು ನೋಡಿಕೊಂಡಳು. ಅತ್ತೆಯ ಹಿಂದೆ ಕುಕ್ಕೆ ಹೊತ್ತು ಸಂತೆಗೆ ಬರುತ್ತಿದ್ದವಳು, ಅತ್ತೆ ಹೋದಮೇಲೆ ಅದೇ ಹುಣಸೆಮರದ ಕೆಳಗೆ, ಅದೇ ಗೋಣಿತಾಟಿನ ಮೇಲೆ ತಾನೇ ಕೂತಳು. ಮುಂದೊಂದು ಪಾತ್ರೆ, ತಣ್ಣೀರಿನಲ್ಲಿ ತೇಲುವ ಬೆಣ್ಣೆಯುಂಡೆಗಳು. ಗಿರಾಕಿ ಬಂದರೆ ಒಂದನ್ನು ತೆಗೆದು, ಅಂಗೈಯಲ್ಲಿ ಒತ್ತಿ ನೀರು ಹಿಂಡಿ, ತೂಗಿ ಬಾಳೆಲೆಯ ಮೇಲಿಡುವಳು. ಕೊನೆಗೆ ಹೆಬ್ಬೆರಳ ತುದಿಯಷ್ಟು ಬೆಣ್ಣೆ ಕಿತ್ತು ಮೇಲೆ ಅಂಟಿಸುವಳು. ಅದು ಕೊಸರು. ತೂಕ ಮುಗಿದ ಮೇಲೆ ಸುಮ್ಮನೆ ಕೊಡುವ ಚೂರು. ಅದನ್ನು ಕೊಟ್ಟರೆ ನೀನು ನನ್ನ ಖಾಯಂ ಗಿರಾಕಿ, ನನ್ನವನು ಎಂದ ಹಾಗೆ. ನನಗೆ ಆಕೆ ಒಂದು ವಾರವೂ ಕೊಸರು ತಪ್ಪಿಸಿದವಳಲ್ಲ.

ಈಚೆಗೆ ಅಂಗಡಿಗಳಿಗೆ ಪ್ಯಾಕೆಟ್ ಬೆಣ್ಣೆ ಬಂತು. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಹುಣಸೆಮರದ ಕೆಳಗಿನ ಮುದುಕಿ ಯಾರೆಂದೇ ಗೊತ್ತಿಲ್ಲ. ಸಂತೆ ಮುಗಿದರೂ ಪಾತ್ರೆಯಲ್ಲಿ ಉಂಡೆಗಳು ಉಳಿಯತೊಡಗಿದವು. ಹುಚ್ಚಮ್ಮನ ಬೆಣ್ಣೆ ಅನ್ನುವ ಹೆಸರೇ ಅಳಿಸಿಹೋಗುತ್ತದೇನೋ ಎಂದು ಆಕೆಗೆ ಭಯ ಹತ್ತಿತು. ಆಗ ಬಂದವನು ಆಕೆಯ ತಮ್ಮನ ಮಗ ತೀರ್ಥೇಶ. ತರೀಕೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಜೊತೆಗೆ ಸಣ್ಣಪುಟ್ಟ ವ್ಯಾಪಾರಿಗಳ ವಿಡಿಯೋ ಮಾಡಿ ಹಾಕುತ್ತಾನೆ. ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತೇ ಪಾಠ ಶುರುಮಾಡಿದ.

“ಅತ್ತೆ, ಈಗ ಮಾಲು ಚೆನ್ನಾಗಿದ್ರೆ ಸಾಲಲ್ಲ. ನಿಂದೇ ಅಂತ ಒಂದು ಡೈಲಾಗ್ ಇರ್ಬೇಕು. ಕೇಳಿದ್ ತಕ್ಷಣ ಜನಕ್ಕೆ ನಿನ್ ಮುಖ ನೆನಪಾಗ್ಬೇಕು. ಅದೇ ಬ್ರಾಂಡು.”

“ನಂಗೆಲ್ಲಿ ಮಾತು ಬತ್ತದೆ, ಹೋಗೋ.”

“ನಾನು ಹೇಳ್ಕೊಡ್ತೀನಿ. ‘ಹುಚ್ಚಮ್ಮನ ಬೆಣ್ಣೆ, ಮಿಕ್ಕಿದ್ದೆಲ್ಲ ಸೊನ್ನೆ.’ ಹೇಳು ನೋಡಾಣ.”

ಆಕೆ ಮಗ್ಗಿ ಒಪ್ಪಿಸುವ ಮಗುವಿನಂತೆ ತಲೆ ತಗ್ಗಿಸಿ ಹೇಳಿದಳು. ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಅಲ್ಲಿಗೆ ಈ ಹುಚ್ಚಾಟ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಅದೇ ದಿನ ಲಕ್ಕವಳ್ಳಿ ಕಡೆಯಿಂದ ಬಂದ ಹೆಂಗಸೊಬ್ಬಳು ಪಾತ್ರೆಗೆ ಬಗ್ಗಿ, “ಬೆಣ್ಣೆಗಿಂತ ನೀರೇ ಜಾಸ್ತಿ ಇದ್ದಂಗಿದೆಯಲ್ಲಮ್ಮ” ಅಂದಳು. ಹುಚ್ಚಮ್ಮನಿಗೆ ಎಲ್ಲಿತ್ತೋ ಸಿಟ್ಟು, ಬಲಗೈಯನ್ನು ಅವಳ ಮುಖದ ಮುಂದೆ ಚಾಚಿ ಕೂಗಿದಳು.

“ಅಂತರಘಟ್ಟಮ್ಮನಾಣೆ, ನನ್ ಬೆಣ್ಣೇಲಿ ಮೋಸ ಇದ್ರೆ ಈ ಕೈ ಬಿದ್ದೋಗ್ಲಿ!”

ತೀರ್ಥೇಶನ ಫೋನು ಆಗಲೇ ಮೇಲೆದ್ದಿತ್ತು. “ಇದೇ ಅತ್ತೆ, ಇದೇ ಡೈಲಾಗು!”

“ಲೇ, ಅಮ್ಮನ ಆಣೇನ ಆಟಕ್ಕಿಡ್ಬೇಡ ಕಣೋ” ಎಂದು ಗದರಿದೆ. ನಮ್ಮ ಕಡೆ ಜಮೀನಿನ ಬದುವಿನ ಜಗಳವೋ ಕೆರೆ ನೀರಿನ ಜಗಳವೋ ಯಾವ ಪಂಚಾಯಿತಿಗೂ ಬಗ್ಗದಿದ್ದಾಗ ಅಂತರಘಟ್ಟೆಯ ಗುಡಿಯಲ್ಲಿ ಅಮ್ಮನ ಆಣೆ ಇಡಿಸುತ್ತಾರೆ. ಅದೇ ಕೊನೆ, ಆಮೇಲೆ ಮಾತಿಲ್ಲ. ಯಾರೂ ಕೇಳದೆ ತಾನಾಗಿ ಆಣೆ ಇಡುವವನನ್ನು ಜನ ಓರೆಗಣ್ಣಿನಿಂದಲೇ ನೋಡುತ್ತಾರೆ. ತೀರ್ಥೇಶ ಅದನ್ನೆಲ್ಲ ಎಲ್ಲಿ ಕೇಳಿಸಿಕೊಂಡಾನು? ವಿಡಿಯೋ ಹಾಕಿಯೇಬಿಟ್ಟು, ಸಂಜೆಗೆ ಬಂದು “ಆಗ್ಲೇ ಎಷ್ಟು ಜನ ನೋಡಿದಾರೆ ನೋಡಿ ಅಂಕಲ್” ಎಂದು ಫೋನನ್ನು ನನ್ನ ಮೂಗಿಗೆ ಹಿಡಿದ.

ಕಡೂರಿನಿಂದೆಲ್ಲ ಜನ ಬಂದರು. “ಅಜ್ಜಿ, ಡೈಲಾಗ್ ಹೇಳಜ್ಜಿ” ಎಂದು ಫೋನು ಹಿಡಿದು ನಿಂತರು. ಮೊದಮೊದಲು ನಾಚಿದ ಹುಚ್ಚಮ್ಮ ಆಮೇಲೆ ಪಳಗಿದಳು. ಗಿರಾಕಿ ಬಾಯಿ ತೆರೆಯುವ ಮೊದಲೇ ಬಲಗೈ ಮೇಲೆ ಹೋಗುತ್ತಿತ್ತು. ಮಧ್ಯಾಹ್ನಕ್ಕೇ ಪಾತ್ರೆ ಖಾಲಿ. ಆಕೆಯ ಮುಖದಲ್ಲಿ ನಗು ಕಂಡು ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಹಾಲಮ್ಮ ನನ್ನ ಹೋಟೆಲಿಗೆ ಬಂದಳು. ಹುಚ್ಚಮ್ಮನ ಅತ್ತೆಯ ಕಾಲದಿಂದ ಅಲ್ಲೇ ಬೆಣ್ಣೆ ಕೊಳ್ಳುವವಳು. ದನಿ ತಗ್ಗಿಸಿ ಕೇಳಿದಳು.

“ನಂಜುಂಡಪ್ಪ, ನಾನೇನು ಕೇಳ್ದೆ ಅಂತ ನಂಗೂ ಆಣೆ ಇಟ್ಲು? ಏನೋ ಇರ್ಬೇಕು ಕಣಪ್ಪ.”

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಹೌದಲ್ಲ, ನನ್ನ ಮುಂದೆಯೂ ಕೈ ಎತ್ತಿದ್ದಳು. ಇಷ್ಟು ವರ್ಷದ ಗಿರಾಕಿಗೆ ಆಣೆ ಏಕೆ ಬೇಕು? ಅಂದು ಬೆಣ್ಣೆ ಕಾಯಿಸುವಾಗ ಒಲೆಯ ಪಕ್ಕದಲ್ಲೇ ನಿಂತೆ. ಕಾಯುವಾಗ ಬೆಣ್ಣೆ ಚಟಪಟ ಅನ್ನುವುದು ಇದ್ದದ್ದೇ. ಆದರೆ ಅಂದು ಸದ್ದು ಹೆಚ್ಚಾಗಿದೆ, ನೀರು ಜಾಸ್ತಿ ಇದೆಯೇನೋ ಅನ್ನಿಸಿತು. ಸಂತೆಯಲ್ಲಿ ನೋಡಿದರೆ ಎಲ್ಲರದೂ ಅದೇ ಪಾಡು. ಒಬ್ಬ ಮೂಸುತ್ತಾನೆ, ಒಬ್ಬಳು ಮುಂಗೈಗೆ ಸವರಿ ತಿಕ್ಕುತ್ತಾಳೆ. ಅವರು ತಿಕ್ಕಿದಷ್ಟೂ ಹುಚ್ಚಮ್ಮ ಜೋರಾಗಿ ಆಣೆ ಇಟ್ಟಳು. ಆಣೆ ಜೋರಾದಷ್ಟೂ ಜನ ಇನ್ನೂ ತಿಕ್ಕಿದರು.

ಮುಂದಿನ ಸಂತೆಗೆ ಆಕೆ ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಬಂದಳು.

ಕೈಗೇನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ! “ಅಮ್ಮ ಸುಮ್ನೆ ಬಿಡ್ತಾಳಾ?” ಎಂದು ಹಾಲಮ್ಮ ಗಲ್ಲ ಬಡಿದುಕೊಂಡು ದೂರ ಸರಿದಳು. ಡೈಲಾಗ್ ಕೇಳಲು ಬರುತ್ತಿದ್ದವರು ಈಗ ಕೈಯ ಫೋಟೋ ಹೊಡೆದುಕೊಂಡು ಹೋದರು. ಪಾತ್ರೆ ತುಂಬಿದ್ದದ್ದು ತುಂಬಿಯೇ ಇತ್ತು. ತೀರ್ಥೇಶ ಬರಲಿಲ್ಲ. ಆ ಬಟ್ಟೆ ಬಿಚ್ಚಿಟ್ಟು ಕೂತ್ಕೋ ಅತ್ತೆ ಎಂದು ಫೋನಿನಲ್ಲಿ ಹೇಳಿದನಂತೆ.

ಸಂಜೆ ಪಾತ್ರೆ ಹೊತ್ತು ಹೋಟೆಲಿಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು.

“ಕೈಗೇನಾಯ್ತು ಹುಚ್ಚಕ್ಕ?”

“ತುಪ್ಪ ಸೋಸ್ವಾಗ ಚೆಲ್ಕೊಂಡೆ. ಬೊಬ್ಬೆ ಎದ್ದದೆ.” ನನ್ನ ಮುಖವನ್ನೇ ನೋಡಿದಳು. “ನೀನೂ ನಂಬಲ್ವೇನಪ್ಪ?”

“ನಂಬ್ತೀನಕ್ಕ” ಅಂದೆ. ಮಾತು ಬರಬೇಕಾದ್ದಕ್ಕಿಂತ ಬೇಗ ಬಂತು. ಆಕೆಗೂ ಅದು ಗೊತ್ತಾಯಿತು.

“ನೀವು ನಂಬ್ಲಿ ಅಂತ ಆಣೆ ಇಟ್ಟೆ. ಬಾಯಿ ಮುಚ್ಕೊಂಡಿದ್ದಾಗ್ಲೇ ಚೆನ್ನಾಗಿ ನಂಬ್ತಿದ್ರಿ ಕಣಪ್ಪ” ಎಂದು ಎಡಗೈಯಿಂದ ಕಣ್ಣೊರೆಸಿಕೊಂಡಳು. ನನಗೆ ಸಂಕಟವಾಯಿತು. ಆದರೆ ಸಂಕಟದ ಮಧ್ಯೆಯೇ, ಸೋಸುವಾಗ ಎಡಗೈಗೆ ಚೆಲ್ಲದೆ ಆಣೆ ಇಟ್ಟ ಕೈಗೇ ಏಕೆ ಚೆಲ್ಲಿತು ಎಂಬ ದರಿದ್ರ ಯೋಚನೆಯೂ ಬಂತು.

ಆಕೆ ಅಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿ, ತಪ್ಪಾಯಿತು ತಾಯಿ ಎಂದು ಅಡ್ಡಬಿದ್ದು ಬಂದಳಂತೆ. ಮುಂದಿನ ವಾರ ಹುಣಸೆಮರದ ಕೆಳಗೆ ಹಳೆಯ ಹುಚ್ಚಮ್ಮನೇ ಕೂತಿದ್ದಳು. ಮಾತಿಲ್ಲ, ಕೈ ಎತ್ತುವುದಿಲ್ಲ. ನಾಲ್ಕು ಜನ ನೋಡಲಿ, ನೋಡಿ ತಾವೂ ಕೊಳ್ಳಲಿ ಎಂದು ನಾನೇ ಮೊದಲು ಹೋಗಿ ಎದುರಿಗೆ ಕೂತೆ. ಆಕೆಯ ಮುಖ ಅರಳಿತು. ಎಡಗೈಯಿಂದಲೇ ಕಷ್ಟಪಟ್ಟು ಒಂದು ಉಂಡೆ ಹಿಂಡಿ, ತೂಗಿ, ಎಲೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ಆಮೇಲೆ ಪಾತ್ರೆಗೆ ಕೈ ಹಾಕಿ ಕೊಸರಿಗೆಂದು ಒಂದು ಚೂರು ಕಿತ್ತಳು.

ಅಷ್ಟರಲ್ಲಿ ನನ್ನ ಬೆರಳುಗಳು ಉಂಡೆಯನ್ನು ಒತ್ತಿಬಿಟ್ಟಿದ್ದವು. ಎರಡು ಹನಿ ನೀರು ಗೋಣಿತಾಟಿನ ಮೇಲೆ ಬಿತ್ತು. ನೀರಿನಿಂದ ತೆಗೆದ ಬೆಣ್ಣೆ, ಹನಿ ಬೀಳದೆ ಇರುತ್ತದೆಯೇ? ಆದರೆ ನಾವಿಬ್ಬರೂ ಆ ಹನಿಗಳನ್ನೇ ನೋಡುತ್ತಿದ್ದೆವು.

ಹುಚ್ಚಮ್ಮ ಬೆರಳಲ್ಲಿದ್ದ ಕೊಸರನ್ನು ಮತ್ತೆ ಪಾತ್ರೆಯ ನೀರಿಗೆ ಬಿಟ್ಟಳು.