ಅರವತ್ತಮೂರನೇ ನಂಬರು

ಹಳೇ ರಟ್ಟಿನ ಪೆಟ್ಟಿಗೆ ಕೊಡವಿದಾಗ ಲಾಗ್ ಟೇಬಲ್ ಪುಸ್ತಕ ಕೆಳಗೆ ಬಿತ್ತು. ಪುಟದ ತುದಿಗಳಲ್ಲೆಲ್ಲ ನನ್ನದೇ ಗ್ರೀಸ್ ಹೆಬ್ಬೆಟ್ಟು. ಕೊಟ್ಟವರು ಫಿಸಿಕ್ಸ್ ಮೇಷ್ಟ್ರು. ನೋಡಿದ ಕೂಡಲೇ ಮೈ ಉರಿಯಿತು. ಇಷ್ಟು ವರ್ಷ ಆದರೂ...

ಎಪ್ಪತ್ತರ ದಶಕದ ಕೊನೆ. ಸಾಸ್ವೆಹಳ್ಳಿಯಲ್ಲಿ ಹೊಳೆ ಪಂಪುಗಳ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿದ್ದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ನೀರಿನ ಚಾನಲ್ ತೋಡುವ ಕೆಲಸದಲ್ಲಿ ಮಣ್ಣು ಹೊತ್ತು, ಆಮೇಲೆ ಕಲಿತ ಕಸುಬು. ಯಾರ ಮುಂದೂ ಕೈ ಚಾಚಿದವನಲ್ಲ. ಕಾಲೇಜಿನ ಲ್ಯಾಬಿನ ಮೋಟಾರು ತಂದಿದ್ದ ಮೇಷ್ಟ್ರು ನನ್ನ ಕೈಯನ್ನೇ ನೋಡುತ್ತಾ ಕೂತರು.

"ಯಾಕೆ ಹಿಂಗೇ ಸುತ್ತಬೇಕು, ಗೊತ್ತೇನಯ್ಯಾ?"

"ಹಿಂಗೆ ಸುತ್ತಿದ್ರೆ ತಿರುಗ್ತೈತೆ ಸಾರ್, ಇಲ್ದಿದ್ರೆ ಸುಡ್ತೈತೆ."

ನಕ್ಕರು. "ಯಾಕೆ ಅನ್ನೋದು ಬೇಕಂದ್ರೆ ನಮ್ಮ ಪಿಯುಸಿ ಕ್ಲಾಸಿಗೆ ಬಾ."

"ಎಸ್ಸೆಸ್ಸೆಲ್ಸಿನೇ ಆಗಿಲ್ವಲ್ಲ ಸಾರ್."

"ನಾನಿದೀನಲ್ಲ, ಬಾ."

ಹೋದೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದಿಂದ ಅಂಗಡಿ. ಅರವತ್ತೆರಡು ಹುಡುಗರ ಹಾಜರಿ ಮುಗಿದ ಮೇಲೆ ಮೇಷ್ಟ್ರು "ಅರವತ್ಮೂರು" ಎಂದು ಕೂಗುವರು; ನಾನು ಕಡೇ ಬೆಂಚಿನಿಂದ ಎದ್ದು "ಹಾಜರ್ ಸಾರ್" ಅನ್ನುವೆ. ಚಾನಲ್ ಕೆಲಸದಲ್ಲಿ ಮಸ್ಟರ್ ಪುಸ್ತಕ ಹಿಡಿದು ಕೂಲಿಯವರ ಹಾಜರಿ ಕೂಗಿದಾಗ ಓಗೊಟ್ಟವನ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತಿತ್ತು. ಇಲ್ಲೂ ಹಂಗೇ ಅಂದುಕೊಂಡೆ. ಲ್ಯಾಬಿನಲ್ಲಿ ಕೆಟ್ಟಿದ್ದನ್ನೆಲ್ಲ ರಿಪೇರಿ ಮಾಡಿಕೊಟ್ಟೆ. ಹೈಸ್ಕೂಲಿನ ಲೆಕ್ಕ ಗೊತ್ತಿಲ್ಲ ನೋಡಿ, ಕಾಲೇಜಿಗೆ ಹೋಗಿಬರುವ ಬಸ್ಸಿನಲ್ಲಿ ಲಾಗ್ ಟೇಬಲ್ಲನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದೆ. ಅದು ಬಾಯಿಪಾಠದ ಪುಸ್ತಕ ಅಲ್ಲ ಅಂತ ತಿಳಿಯಾಕೆ ತಿಂಗಳೇ ಹಿಡಿಯಿತು.

ಪರೀಕ್ಷೆಯ ಅರ್ಜಿ ತುಂಬುವ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿನ ಕಿಟಕಿಗೆ ಹೋದೆ. ಗುಮಾಸ್ತ ರಿಜಿಸ್ಟರಿನ ಮೇಲೆ ಬೆರಳಾಡಿಸಿದ.

"ಅರವತ್ತೆರಡಕ್ಕೇ ಮುಗೀತೈತಲ್ರೀ. ಎಸ್ಸೆಸ್ಸೆಲ್ಸಿ ಕಾರ್ಡ್ ಎಲ್ಲೈತೆ?"

"ವರ್ಷವೆಲ್ಲ ಪಾಠ ಕೇಳೀನಿ ಸಾರ್."

"ಪಾಠ ಕೇಳಿದ್ದಕ್ಕೇ ಪರೀಕ್ಷೆ ಬರೆಯಂಗಿದ್ರೆ ನಮ್ಮ ಗೋಡೆ ಹಲ್ಲಿ ಈಗ ಎಂ.ಎಸ್ಸಿ. ಮುಗಿಸಿರೋದು!"

ಸಾಲಿನಲ್ಲಿದ್ದ ಹುಡುಗರೆಲ್ಲ ನಕ್ಕರು. ಒಳಗೆ ಪ್ರಿನ್ಸಿಪಾಲರ ಪಕ್ಕದಲ್ಲೇ ಮೇಷ್ಟ್ರು ನಿಂತಿದ್ದರು. ಅವರ ಮುಖ ನೋಡಿದೆ. ಪ್ರಿನ್ಸಿಪಾಲರು "ಯಾರು ಅದು?" ಅಂದರು.

"ಮೋಟಾರ್ ರಿಪೇರಿಯವನು ಸಾರ್," ಅಂದರು ಮೇಷ್ಟ್ರು. "ಫ್ಯಾನು ನೋಡೋಕೆ ಬಂದಿರಬೇಕು."

ಫ್ಯಾನು!

ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಬಹುದಿತ್ತು. ಮೊದಲ ದಿನವೇ "ಅದು ಮುಗಿಸ್ಕಂಡು ಬಾ" ಅಂದಿದ್ದರೆ ಮುಗಿಸಿಕೊಂಡೇ ಬರುತ್ತಿದ್ದೆ. ಕಷ್ಟಕ್ಕೆ ಹೆದರುವ ಜೀವ ಅಲ್ಲ ನನ್ನದು. ಅದು ಬಿಟ್ಟು, ಇಲ್ಲದ ನಂಬರು ಕೂಗಿ ವರ್ಷಪೂರ್ತಿ ನನ್ನನ್ನು ಎದ್ದು ನಿಲ್ಲಿಸಿದರು. ಕನಿಕರವೋ, ತಮಾಷೆಯೋ... ಕೇಳಾಕೆ ಹೋಗಲಿಲ್ಲ. ಆ ಹಟಕ್ಕೆ ಮತ್ತೆ ಯಾವ ಪರೀಕ್ಷೆಯನ್ನೂ ಕಟ್ಟಲಿಲ್ಲ. ಅಷ್ಟು ಮಾತ್ರ ನನ್ನ ತಪ್ಪು.

ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಬಸವಾಪಟ್ಟಣದಲ್ಲಿದ್ದ ಅವರ ಮನೆಗೆ ಹೋದೆ. ಮಗಳು ಕುರ್ಚಿ ಹಾಕಿ, "ಅಪ್ಪನ ಸ್ಟೂಡೆಂಟಾ? ಹೆಂಗೆ ಪಾಠ ಮಾಡೋರು?" ಅಂತ ಕೇಳಿದಳು. ಬಾಯಿಗೆ ಏನೇನೋ ಬಂತು. "ಚೆನ್ನಾಗಿ ಮಾಡೋರಮ್ಮ" ಅಂದೆ.

ಸುಳ್ಳಲ್ಲ ಅದು. ತಂತಿಯೊಳಗೆ ಕರೆಂಟು ಯಾಕೆ ಹರೀತೈತೆ ಅಂತ ನನಗೆ ಹೇಳಿಕೊಟ್ಟವರು ಅವರೊಬ್ಬರೇ. ಏನೂ ಕಲಿಸದಿದ್ದರೆ ಅವರನ್ನು ಯಾವತ್ತೋ ಮರೆತುಬಿಡುತ್ತಿದ್ದೆ. ಈಗ ಎದುರು ನಿಂತು ಬೈಯೋಣ ಅಂದರೆ ಮನುಷ್ಯನೇ ಇಲ್ಲ...